ಗುಡ್ಡೆಯಿಲ್ಲದ ಪಡಿ

ಮಲೆಯಲ್ಲಿ ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದ ಕಾಲ. ಗಟ್ಟಿ ಆಳುಗಳೆಲ್ಲ ಅಲ್ಲಿಗೆ ಹೋಗಿದ್ದರು. ತಮಿಳುಸೀಮೆಯ ಕಂಬಂ ಹತ್ತಿರ, ಮನೆಯಲ್ಲಿ ಕನ್ನಡ ಆಡುವ ನಮ್ಮ ಜನದ ಗೌಡರ ಹೊಲದಲ್ಲಿ ನಾನೂ ನನ್ನ ಗಂಡನೂ ಕೂಲಿಗಿದ್ದೆವು. ಕೂಲಿಯೆಂದರೆ ಪಡಿಯಲ್ಲಿ ಅಳೆದ ಜೋಳ. ಪಡಿಯ ಬಾಯಿಮಟ್ಟದ ಕಾಳು ಗಂಡನ ಮನೆಗೆ, ಮೇಲೆ ನಿಲ್ಲುವ ಗುಡ್ಡೆ ಹೆಂಗಸಿನ ಸ್ವಂತಕ್ಕೆ. ನಮ್ಮಲ್ಲಿ ಅದೇ ರೂಢಿ. ನನ್ನ ಗುಡ್ಡೆಯನ್ನು ಅಮ್ಮ ಉಣ್ಣುತ್ತಿದ್ದಳು. ವಿಧವೆ, ನನ್ನ ಜೊತೆಗೇ ಇದ್ದಳು. ಅಳಿಯನ ಕಾಳು ಮಾತ್ರ ಮುಟ್ಟಳು, ಅಷ್ಟು ಬಿಗುಮಾನ.

ಗೌಡರಿಗೆ ಆ ವರ್ಷ ಬಲು ಕಷ್ಟ. ಬೆಳೆಯೇನೋ ಚೆನ್ನಾಗಿತ್ತು. ಬೇಲಿಯ ಮೇಲಿನ ಒಂದು ಹುಣಸೆಮರ ಯಾರದೆಂದು ಭಾವಮೈದುನನ ಮೇಲೆ ದಿಂಡಿಗಲ್ ಕೋರ್ಟಿಗೆ ಹೋಗಿದ್ದರು. ಮರಕ್ಕಿಂತ ವಕೀಲರು ಚೆನ್ನಾಗಿ ಬೆಳೆದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಕೂಲಿಯವರು ಬಡವಾದೆವು.

ವರ್ಷವೆಲ್ಲ ನಮ್ಮನ್ನು ತಮಿಳಿನಲ್ಲಿ ಬೈಯುತ್ತಿದ್ದ ಗೌಡರು ಒಂದು ದಿನ ಕೂಲಿ ಅಳೆಯುವಾಗ ಕಣದಲ್ಲಿ ನಿಂತು ಕನ್ನಡ ಆಡಿದರು.

“ನಾವೆಲ್ಲಾ ಒಂದೇ ಜನ ಅಲ್ವಾ? ಕೋರ್ಟು ವಳಕ್ಕು ಗೆಲ್ಲೋಗಂಟ ಪಡೀನ ಸಮ ತಟ್ಟಿ ಈಸ್ಕಳಿ. ಆಮೇಲೆ ಗುಡ್ಡೆ ತಾನಾಗೇ ಬತ್ತದೆ.”

ತಮಿಳು ಹೆಂಗಸರು “ಮುಡಿಯಾದು”, ಆಗೋದಿಲ್ಲ ಎಂದು ಮುಖಕ್ಕೆ ಹೇಳಿ, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಹೊರಟರು. ಕೊಯ್ಯದೆ ಉಳಿದ ತೆನೆ ಉದುರಿಹೋದೀತೆಂದು ಗೌಡರು ಹೆದರಿ, ಅವರಿಗೆ ಮಾತ್ರ ಗುಡ್ಡೆಯ ಪಡಿಯೇ ಸಿಕ್ಕಿತು. ಗೌಡರ ಕನ್ನಡ ಕೇಳಿದ ನಮ್ಮವರ ಕಣ್ಣಲ್ಲಿ ಅಭಿಮಾನದ ನೀರು!

“ನಮ್ಮೋರು ಕೇಳವ್ರೆ, ಇಲ್ಲಾನ್ನಕ್ಕಾಯ್ತದಾ?” ಎಂದು ನನ್ನ ಗಂಡನೇ ಮೊದಲು ಅಂಗೈಯಿಂದ ಪಡಿ ಸವರಿದ. ಅವನು ಸವರಿ ಹಾಕಿದ್ದು ನನ್ನಮ್ಮನ ಊಟ.

ಅಮ್ಮ “ಹಸಿವಿಲ್ಲ” ಅನ್ನತೊಡಗಿದಳು. ನನ್ನ ತಟ್ಟೆಯದನ್ನು ಕೊಟ್ಟರೂ ಅಳಿಯನದೆಂದು ತಳ್ಳುತ್ತಿದ್ದಳು. ನೆರೆಮನೆಯವರು ಕೊಟ್ಟ ಗಂಜಿಯಲ್ಲಿ ಜೀವ ಹಿಡಿದಿದ್ದಳು.

ಕೊನೆಗೆ ಗೌಡರು ಗೆದ್ದರು. ಖುಷಿಗೆ ನಮಗೆಲ್ಲ ತಲಾ ಒಂದು ಹಿಡಿ ಹುಣಸೆಹಣ್ಣು ಹಂಚಿದರು. ಬರಿಹೊಟ್ಟೆಗೆ ಹುಣಸೆ! ನಾನು ಗುಡ್ಡೆ ಕೇಳಿದ್ದಕ್ಕೆ, “ಇಷ್ಟು ದಿನ ಸಾಕಾಗಿತ್ತಲ್ಲ, ಇನ್ಯಾತಕ್ಕೆ?” ಅಂದರು. ಗಂಡ ಹೌದಪ್ಪನ ಹಾಗೆ ತಲೆಯಾಡಿಸಿದ.

ಮರುದಿನ ನಾನು, ಗೌಡರ ಕೊಯ್ಲು ಮುಗಿಸಿ ಹೊರಟಿದ್ದ ತಮಿಳು ಹೆಂಗಸರ ಜೊತೆ ಸೇರಿ ಆ ಭಾವಮೈದುನನ ಹೊಲಕ್ಕೇ ಹೋದೆ. ವ್ಯಾಜ್ಯ ಸೋತಿದ್ದರೂ ಅವನು ಕೂಲಿಯ ಗುಡ್ಡೆಗೆ ಕೈ ಹಾಕಿರಲಿಲ್ಲ. ಸಂಜೆ ಆ ಗುಡ್ಡೆಯದನ್ನು ಅಮ್ಮನಿಗೆ ಬಡಿಸುತ್ತಿದ್ದಾಗ ಗಂಡ ಬಾಗಿಲಲ್ಲಿ ನಿಂತು ಕೂಗಾಡಿದ.

“ನಮ್ಮ ಜನಕ್ಕೆ ದ್ರೋಹ ಮಾಡಿ ತಂದ ಕಾಳಾ ಇದು?”

ಅಮ್ಮ ತಲೆ ಎತ್ತಲಿಲ್ಲ. ತಟ್ಟೆಯನ್ನು ನನ್ನ ಕಡೆಗೆ ನೂಕಿ, “ಇನ್ನೊಂಚೂರು ಇಕ್ಕವ್ವಾ,” ಅಂದಳು.