ಸಿಸ್ಟರ್ ಮಾತು, ಮಾಸ್ತರರ ಶಾಲು

ಕಳೆದ ಸೋಮವಾರ ಒಬ್ಬ ಹೆಣ್ಣುಮಗಳು ಭಾಲ್ಕಿಯಿಂದ ಬಸ್ ಹತ್ತಿ ಬೀದರಿಗೆ ಬಂದರು. ಆಟೋ ಮಾಡಿಕೊಂಡು ನನ್ನ ಮನೆ ಹುಡುಕಿದರು. ಕೊಟ್ಟ ನೀರನ್ನೂ ಮುಟ್ಟದೆ, ನಾನು ಸುಳ್ಳು ಬರೆದಿದ್ದೇನೆ ಎಂದರು.

ಹೆಸರು ರೂತಮ್ಮ. ನಿವೃತ್ತ ನರ್ಸ್. ಊರೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತದೆ. ಕೈಯಲ್ಲಿ ಪತ್ರಿಕೆಯ ತುಂಡು. ನೋಡಿದರೆ, ನನ್ನದೇ ಅಂಕಣ.

ನಿಮಗೆ ನೆನಪಿರಬಹುದು (ನನ್ನ ನೆನಪಿಗಿಂತ ನಿಮ್ಮದೇ ವಾಸಿ ಎಂದು ಈಗ ಗೊತ್ತಾಗಿದೆ). ತಿಂಗಳ ಹಿಂದೆ ಇದೇ ಜಾಗದಲ್ಲಿ ಒಂದು ಫುಟ್‌ಬಾಲ್ ಫೈನಲ್ ಬಗ್ಗೆ ಬರೆದಿದ್ದೆ. ನಮ್ಮ ಜಿಲ್ಲೆಯ ಮೂವತ್ತು ಜನ ಪವಿತ್ರಭೂಮಿಯ ಯಾತ್ರೆಗೆ ಹೋದಾಗಿನ ಮಾತು. (ಏನನ್ನೂ ನಂಬದವನು ಅಲ್ಲಿಗೇಕೆ ಹೋದೆ ಅಂತೀರಾ? ಹೆಂಡತಿ ಟಿಕೆಟ್ ಮಾಡಿಸಿದ್ದಳು.)

ಯಾತ್ರೆಯ ದಾರಿಯಲ್ಲಿ ತಂಗಿದ್ದ ಅಮ್ಮಾನ್ ಊರಿನ ಹೋಟೆಲ್ ಲಾಬಿ. ಸಂಜೆ. ದೊಡ್ಡ ಪರದೆ. ವೇಟರುಗಳು, ಬಸ್ ಡ್ರೈವರುಗಳು, ಯಾವ್ಯಾವುದೋ ದೇಶದ ಯಾತ್ರಿಕರು, ನಡುವೆ ಒಂದು ಸಾಲು ನಾವು. ನಮ್ಮಲ್ಲಿ ಅರ್ಧ ಜನ ಅಂಗಿಯ ಬಣ್ಣ ನೋಡಿ ಪಕ್ಷ ಹಿಡಿದಿದ್ದರು. ಆಟ ಸಮಸಮವಾಗಿ ಪೆನಾಲ್ಟಿಗೆ ಬಂತು. ಎಲ್ಲರೂ ಉಸಿರು ಹಿಡಿದು ಕೂತಿದ್ದಾಗ ನಮ್ಮ ಸಾಲಿನಿಂದ ಒಂದು ಮಾತು ಕೇಳಿಸಿತು.

"ಚೆಂಡ್ ನೋಡಬ್ಯಾಡ್ರಿ, ಊರಿದ ಕಾಲ್ ನೋಡ್ರಿ. ಇದು ಹೋಗಾಂಗಿಲ್ಲ."

ಹೋಗಲಿಲ್ಲ. ಗೋಲ್‌ಕೀಪರ್ ಹಾರಿ ತಡೆದ.

ಆ ಮಾತು ಆಡಿದವರು ಔರಾದಿನ ಮಾಣಿಕರಾವ್ ಮಾಸ್ತರು, ನಿವೃತ್ತ ಪಿ.ಟಿ. ಶಿಕ್ಷಕರು ಎಂದು ಬರೆದಿದ್ದೆ. ಓದಿದ ಔರಾದಿನ ಜನ ಮಾಸ್ತರರಿಗೆ ಶಾಲು ಹೊದಿಸಿ ಹಾರ ಹಾಕಿದರು.

"ಅಂದಾಕಿ ನಾ," ಎಂದರು ಅದೇ ಯಾತ್ರೆಗೆ ಬಂದಿದ್ದ ಸಿಸ್ಟರ್. "ಮಾಸ್ತರ್ ನನ್ನ ಬಾಜೂಕ ಕುಂತು ಬಿಸ್ಕಿಟ್ ತಿಂತಿದ್ರು."

ಬಿಸ್ಕಿಟ್ ನನಗೂ ನೆನಪಿದೆ. ಬಾಯಿ ತುಂಬ ಬಿಸ್ಕಿಟ್ ಇದ್ದ ಮನುಷ್ಯ ಅಷ್ಟು ಸ್ಪಷ್ಟವಾಗಿ ಹೇಗೆ ಮಾತಾಡಿದ? ಬರೆಯುವಾಗ ಈ ಪ್ರಶ್ನೆ ಯಾಕೆ ಹೊಳೆಯಲಿಲ್ಲ? ಎಲ್ಲವನ್ನೂ ಅನುಮಾನಿಸು ಎಂದು ಯೂನಿವರ್ಸಿಟಿ ಕಲಿಸಿತ್ತು. ನನ್ನನ್ನೊಬ್ಬನನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸಿದ್ದೆ.

ಸಿಸ್ಟರ್ ಬೆಳೆದದ್ದು ಭಾಲ್ಕಿಯ ಮಿಶನ್ ಕಂಪೌಂಡಿನಲ್ಲಿ. ಭಾನುವಾರ ಆರಾಧನೆ ಮುಗಿದ ಮೇಲೆ ಫುಟ್‌ಬಾಲ್. ಹುಡುಗರಿಗೆಲ್ಲ ಮುಂದೆ ಓಡುವ ಆಸೆ. ಗೋಲಿನಲ್ಲಿ ನಿಲ್ಲಲು ಹುಡುಗಿಯರು. ಗೋಲಿನ ಗುರುತಿಗೆ ನಿಂತವಳ ಚಪ್ಪಲಿಗಳನ್ನೇ ಇಡಬೇಕು. ಚೆಂಡು ದಾಟಿದರೆ ಅವಳೇ ಹೋಗಿ ತರಬೇಕು. ಹಿಂದೆ ಜಾಲಿಮುಳ್ಳಿನ ಬೇಲಿ.

"ಬರಿಗಾಲಾಗ ಮುಳ್ಳಿನ್ಯಾಗ ಹೋಗೋದಿತ್ತಲ್ರಿ, ಸರ್. ಒದಿಯೋರ ಕಾಲ್ ಓದೋದು ತಾನೇ ಬಂತು."

ಆದರೆ ಅವರು ಭಾಲ್ಕಿಯಿಂದ ಬಂದದ್ದು ಹೊಗಳಿಕೆಗಾಗಿ ಅಲ್ಲ. ಅಂಕಣ ಓದಿ, ಇದು ನಾನಂದ ಮಾತು ಎಂದು ಮನೆಯಲ್ಲಿ ಹೇಳಿದ್ದಾರೆ. ಮಗ ನಕ್ಕಿದ್ದಾನೆ. ಸೊಸೆಯೂ ನಕ್ಕಿದ್ದಾಳೆ.

"ಪೇಪರಿನ್ಯಾಗ ಮಾಸ್ತರ್ ಹೆಸರ್ ಬಂದದ ಅವ್ವಾ, ನಿನಗ ಕನಸ್ ಬಿದ್ದಿರ್ಬೇಕು ಅಂದಾನ್ರಿ ಮಗ. ನನ್ ಮನ್ಯಾಗ ನಾನೇ ಸುಳ್ಳಾದೆ."

ನನ್ನ ಒಂದು ಸಾಲು ಒಬ್ಬ ತಾಯಿಯ ಮಾತನ್ನು ಅವರ ಮನೆಯಲ್ಲೇ ಸುಳ್ಳಾಗಿಸಿತ್ತು. ಆದರೂ ನನ್ನ ಹುಟ್ಟುಗುಣ ಬಿಡಲಿಲ್ಲ. ಸಾಕ್ಷಿ ಏನು ಎಂದು ಕೇಳಿಬಿಟ್ಟೆ.

ಸಿಸ್ಟರ್ ಎದ್ದು ಅಂಗಳಕ್ಕೆ ನಡೆದರು. ಗೇಟಿನ ಮುಂದೆ ತಮ್ಮ ಚಪ್ಪಲಿಗಳನ್ನು ಎರಡು ಕಡೆ ಇಟ್ಟು, ಸೆರಗು ಸಿಕ್ಕಿಸಿಕೊಂಡು ನಿಂತರು. ಪಕ್ಕದ ಮನೆಯಿಂದ ರಬ್ಬರ್ ಚೆಂಡು ತಂದೆ. ಮೊದಲ ಸಲ ನಾನು ಒದೆಯುವ ಮೊದಲೇ "ಎಡಕ್ಕ" ಎಂದರು. ಹಿಡಿದರು. ಎರಡನೆಯದಕ್ಕೆ "ಬಲಕ್ಕ". ಹಿಡಿದರು. ಮೂರನೆಯ ಸಲ ಮೋಸ ಮಾಡೋಣವೆಂದು ಓಡುತ್ತಲೇ ಮನಸ್ಸು ಬದಲಿಸಿದೆ. "ನಡುವ ಬರ್ತದ, ಅದೂ ಮೆಲ್ಲಗ" ಎಂದು ನಿಂತಲ್ಲೇ ಹಿಡಿದರು. (ಅರವತ್ತೆಂಟು ವರ್ಷ. ನನಗೆ ಐವತ್ತೊಂದು. ಮೊಣಕಾಲು ಇನ್ನೂ ನೋಯುತ್ತಿದೆ, ನನ್ನದು.)

ಇದು ಸಾಕ್ಷಿಯೇ? ಅಲ್ಲ. ಕಾಲು ಓದಬಲ್ಲರು ಎಂದ ಮಾತ್ರಕ್ಕೆ ಅಮ್ಮಾನಿನಲ್ಲಿ ಆ ಮಾತು ಆಡಿದವರು ಅವರೇ ಎಂದಾಗುವುದಿಲ್ಲ. ಔರಾದಿಗೆ ಫೋನ್ ಮಾಡಿದೆ. ಮಾಸ್ತರೇ ಎತ್ತಿದರು.

"ಸಿಸ್ಟರೇ ಅಂದಿದ್ದು, ಖರೆ ಅದ. ಆದ್ರ ಈಗ್ಯಾಕ್ರಿ ಸರ್? ಶಾಲ್ ಹಾಕಿಬಿಟ್ಟಾರ. ಇರ್ಲಿ ಬಿಡ್ರಿ."

ಮರುದಿನ ಗೆಳೆಯರದೂ ಅದೇ ಸಲಹೆ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಎರಡು ಸಾಲು ತಿದ್ದುಪಡಿ ಹಾಕು, ಸಾಕು ಎಂದರು. ಯಾಕೆ ಸಾಕು? ತಪ್ಪು ಬರೆದದ್ದು ಅಷ್ಟುದ್ದ, ತಿದ್ದುವುದು ಮಾತ್ರ ಇಷ್ಟೇ ಇಷ್ಟೋ?

'ಕಣ್ತಪ್ಪಿನಿಂದ' ಎಂದೂ ಬರೆಯುವುದಿಲ್ಲ. ನನ್ನ ಕಣ್ಣು ಸರಿಯಾಗಿಯೇ ನೋಡಿತ್ತು, ಕಿವಿ ಸರಿಯಾಗಿಯೇ ಕೇಳಿತ್ತು. ಆಮೇಲೆ ನೆನಪು ತನ್ನ ಕೆಲಸ ಮಾಡಿತು. ಫುಟ್‌ಬಾಲ್ ಬಗ್ಗೆ ಜಾಣ ಮಾತು ಅಂದಮೇಲೆ ಅದಕ್ಕೊಂದು ಮೀಸೆ ಬೇಕಿತ್ತು. ಪಕ್ಕದ ಕುರ್ಚಿಯಲ್ಲೇ ಸಿಕ್ಕಿತು. ಹೀಗೆ ಇನ್ನೆಷ್ಟು ಮಾತುಗಳಿಗೆ ಮೀಸೆ ಅಂಟಿಸಿದ್ದೇನೋ, ನನಗೆ ಗೊತ್ತಿಲ್ಲ. ನಿಮಗೆ ನಿಮ್ಮದು ಗೊತ್ತೇ?

ಮಾಸ್ತರರೇ, ಶಾಲು ನೀವೇ ಇಟ್ಟುಕೊಳ್ಳಿ. ಮಾತು ಮಾತ್ರ ಭಾಲ್ಕಿಗೆ ವಾಪಸು ಹೋಗುತ್ತದೆ. ಬೇಜಾರಾದರೆ ಆಗಲಿ. ಇರಲಿ ಬಿಡಿ ಎಂದು ಬಿಡುವವನು ನಾನಲ್ಲ.

ಆ ಸೋಮವಾರ ಫೋನ್ ಇಟ್ಟವನೇ, ಇಷ್ಟನ್ನೂ ಹೀಗೇ ಬರೆಯುತ್ತೇನೆ ಎಂದು ನಾನು ಹೇಳಿದ ಮೇಲೆ ಸಿಸ್ಟರ್ ನೀರು ಕುಡಿದರು, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರು.

ಸಿಸ್ಟರ್ ಮಗನಿಗೆ ಒಂದು ಮಾತು: ಪೇಪರಿನಲ್ಲಿ ಬಂದದ್ದೇ ಖರೆ ಅಂದಿರಲ್ಲ, ಈಗ ನಗಿ ನೋಡೋಣ.