ಅಳಿಯನಂಥ ಪಿಸ್ತೂಲು

ಮೇಘಾ, ಕಾರ್ತಿಕ,

ಅಪರಿಚಿತರು ಬಂದರೆ ನಿಮ್ಮ ಅಜ್ಜಿ ಅಡುಗೆಮನೆಗೆ ಸರಿದುಬಿಡುತ್ತಾಳೆ ಎಂದು ನೀವಿಬ್ಬರೂ ನಗುತ್ತೀರಿ. ನಗಿ, ತಪ್ಪಿಲ್ಲ. ಗ್ಯಾಸ್ ಸಿಲಿಂಡರ್ ತಂದವನ ಹತ್ತಿರವೂ ಬಾಗಿಲ ಸಂದಿಯಿಂದಲೇ ಮಾತಾಡುವವಳು ನಾನು. ಆದರೆ ದಾವಣಗೆರೆ ಜಿಲ್ಲೆಯಾದ ಹೊಸದರಲ್ಲಿ ಇದೇ ನಾನು, ಸೆರಗು ಬಿಗಿದು ಸಿಕ್ಕಿಸಿಕೊಂಡು, ಕೈಯಲ್ಲಿ ಪಿಸ್ತೂಲು ಹಿಡಿದು, ತುಂಬಿದ ಸಭೆಯ ಮುಂದೆ ಗುಂಡು ಹಾರಿಸಿದ್ದೇನೆ. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಬರೆಯಲು ಮಾತ್ರ, ಯಾಕೋ, ಎದೆ ಉಬ್ಬುತ್ತದೆ.

ಗುಂಡು ಎಂದರೆ ಹೆದರಬೇಡಿ. ಅದು ಗಾಳಿಯ ಒತ್ತಡದಿಂದ ಹಾರಿಸುವ ಪಿಸ್ತೂಲು. ಅದರ ಗುಂಡಿಗೆ ಪೆಲೆಟ್ ಎನ್ನುತ್ತಾರೆ. ಕಾಳುಮೆಣಸಿನಷ್ಟು ಸೀಸ, ನಡು ಸಣ್ಣಗಾಗಿ, ಶಿವನ ಡಮರುವನ್ನು ಇರುವೆಗೆಂದು ಮಾಡಿಸಿದ ಹಾಗೆ. ಹತ್ತು ಮೀಟರು ದೂರದ ಕಾಗದದ ಕಪ್ಪು ಚುಕ್ಕಿಗೆ ಅದನ್ನು ತಾಕಿಸಬೇಕು, ಅಷ್ಟೇ.

ಈ ವಿದ್ಯೆಗೆ ನಾನು ಬಿದ್ದದ್ದು ನಾಚಿಕೆಯಿಂದಲೇ. ನಿಮ್ಮಮ್ಮ ಶೈಲಜಾ ಆಗ ಕಾಲೇಜು ಹುಡುಗಿ. ಊರಿನ ಶೂಟಿಂಗ್ ಕ್ಲಬ್ಬಿಗೆ ಸೇರುತ್ತೇನೆ ಎಂದು ಹಟ ಹಿಡಿದಳು. ನಿಮ್ಮ ಅಜ್ಜ ಹೋಗಿ ಎರಡು ವರ್ಷವಾಗಿತ್ತು. ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸಿದರೆ ನೆಂಟರು ಸುಮ್ಮನಿರುತ್ತಾರೆಯೇ? ಸರಸ್ವತಿ ನಗರದ ನಮ್ಮ ಮನೆಯಿಂದ ಅವಳ ಲೂನಾದ ಹಿಂದೆ ಕೂತು ನಾನೂ ಹೊರಟೆ. ಅವಳು ಗುರಿಯಿಡುವಾಗ ನಾನು ಬೆಂಚಿನ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದೆ. ಅಲ್ಲಿ ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಸುಬೇದಾರ್ ಹನುಮಂತಪ್ಪನವರು. ಮೀಸೆ ದೊಡ್ಡದು, ಮನಸ್ಸು ಇನ್ನೂ ದೊಡ್ಡದು. ಒಂದು ದಿನ ನನ್ನೆದುರು ನಿಂತು, "ಗೌರಮ್ಮಾರೇ, ಕುಂತು ಕುಂತು ನಮ್ ಬೆಂಚ್ ಸವೀತು. ಎದ್ದು ಒಂದ್ ಗುಂಡು ಹೊಡೀರಿ" ಅಂದರು. ಒಲ್ಲೆ ಎನ್ನಬೇಕಿತ್ತು. ಹಿರಿಯರಿಗೆ ಒಲ್ಲೆ ಎನ್ನುವುದು ನನಗೆ ಬಂದಿದ್ದರೆ ತಾನೇ? ಹೇಳಲಾರದೆ ಪಿಸ್ತೂಲು ಹಿಡಿದೆ.

ಗುಂಡು ಚುಕ್ಕಿಯ ಒಳಗೇ ಬಿತ್ತು! ಸುಬೇದಾರರು ಅನುಮಾನದಿಂದ ಇನ್ನೊಂದು ಹೊಡೆಸಿದರು. ಅದೂ ಒಳಗೇ.

ಇದರಲ್ಲಿ ಪವಾಡವೇನಿಲ್ಲ. ಅವರು ಹೊಸಬರಿಗೆಲ್ಲ ಹೇಳಿ ಹೇಳಿ ಸೋತಿದ್ದ ಪಾಠ ಒಂದೇ: ದೂರದ ಚುಕ್ಕಿಯನ್ನು ನೋಡಬೇಡಿ, ಪಿಸ್ತೂಲಿನ ತುದಿಯಲ್ಲಿರುವ ಸಣ್ಣ ನಿಶಾನಿಯನ್ನು ನೋಡಿ. ಚುಕ್ಕಿ ಮಸುಕಾಗಲಿ, ನಿಶಾನಿ ಸ್ಪಷ್ಟವಾಗಲಿ. ಹುಡುಗರಿಗೆ ಇದು ಕಷ್ಟ. ಅವರ ಕಣ್ಣೆಲ್ಲ ಚುಕ್ಕಿಯ ಮೇಲೆ. ನಾನೋ ಎಂಟು ವರ್ಷದವಳಿದ್ದಾಗಿನಿಂದ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ರೆಪ್ಪೆ ಬಡಿಯದೆ ನೋಡುತ್ತಾ ಬೆಳೆದವಳು. ಹಿಂದಿನ ಗೋಡೆ, ಬಾಗಿಲು, ಬೈಯುವ ಅತ್ತೆ ಎಲ್ಲವೂ ಮಸುಕಾಗಿ ಲಿಂಗವೊಂದೇ ನಿಲ್ಲುವುದು ನನಗೆ ದಿನದ ಅಭ್ಯಾಸ. ಪೂಜೆಗೂ ಪಿಸ್ತೂಲಿಗೂ ನಂಟು ಹಚ್ಚಿದ್ದಕ್ಕೆ ಶಿವ ಮುನಿಯಲಾರ. ಬಿಲ್ಲು ಹಿಡಿದು ತ್ರಿಪುರವನ್ನೇ ಸುಟ್ಟವನಿಗೆ ಗುರಿಯ ಕಷ್ಟ ತಿಳಿಯದೇ?

ಕಣ್ಣು ಸಿದ್ಧವಿದ್ದರೂ ತೋಳು ಸಿದ್ಧವಿರಲಿಲ್ಲ. ತುಂಬಿದ ತಂಬಿಗೆಯನ್ನು ಚಾಚಿದ ಕೈಯಲ್ಲಿ ಹಿಡಿದು, ನೀರು ಅಲುಗದಂತೆ ದಿನಾ ನಿಲ್ಲಬೇಕೆಂದು ಅಪ್ಪಣೆಯಾಯಿತು. ಹಾಗೆ ಹಿತ್ತಿಲಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಶಾಂತಕ್ಕ ಗೋಡೆಯ ಮೇಲಿಂದ ಇಣುಕಿದಳು. "ಏನವ್ವಾ ಗೌರಿ, ಕಾಣದೋರಿಗೆ ನೀರ್ ಕೊಡಾಕ ನಿಂತೀಯೇನು?" ಅಂದಳು. ವಿಷಯ ತಿಳಿದ ಮೇಲೆ, "ಈ ವಯಸ್ಸಿಗೆ ಯಾರ ಮ್ಯಾಲೆ ಸಿಟ್ಟು?" ಅಂತ ಓಣಿಗೆಲ್ಲ ಕೇಳುವಂತೆ ನಕ್ಕಳು. ನಾನು ತಂಬಿಗೆ ಇಳಿಸಲಿಲ್ಲ. ಪಿಸ್ತೂಲಿನ ಕುದುರೆ, ಅಂದರೆ ಟ್ರಿಗರ್, ಒತ್ತುವುದನ್ನಂತೂ ನಾನು ಹಾಲು ಕರೆಯುತ್ತಿದ್ದ ತವರಿನ ಎಮ್ಮೆಯೇ ಕಲಿಸಿತ್ತು. ಬೆರಳು ಒಂದೇ ಸಮನೆ ಬಿಗಿಯುತ್ತಾ ಹೋಗಬೇಕು. ಎಳೆದಿರೋ, ಎಮ್ಮೆ ಒದೆಯುತ್ತದೆ, ಪಿಸ್ತೂಲು ತಪ್ಪುತ್ತದೆ.

ಇನ್ನು ಗುಂಡಿನ ಆಯ್ಕೆ. ಕ್ಲಬ್ಬಿನಲ್ಲಿ ಯಾರಿಗೂ ಬೇಡವಾದ ಹಳೆಯ ಪಿಸ್ತೂಲೊಂದು ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಎಲ್ಲ ಗುಂಡೂ ಒಂದೇ ಕಡೆ, ಮರುದಿನ ಊರೆಲ್ಲ. ತಪ್ಪು ಕೈಯದೋ ಗುಂಡಿನದೋ ತಿಳಿಯಬೇಕಾದರೆ ನಡುವಿನ ಕೈಯನ್ನೇ ತೆಗೆದುಬಿಡಬೇಕು. ಹರಿಹರದಲ್ಲಿ ನನ್ನ ಮೈದುನ ಮಹೇಶ ಸಣ್ಣದೊಂದು ಲೇತ್ ಕಾರ್ಖಾನೆ ಇಟ್ಟುಕೊಂಡಿದ್ದ. ಒಂದು ಭಾನುವಾರ ಪಿಸ್ತೂಲಿಗೆ ಬಟ್ಟೆ ಸುತ್ತಿ, ಕಬ್ಬಿಣ ಕಚ್ಚಿ ಹಿಡಿಯುವ ಅವನ ವೈಸಿಗೆ ಬಿಗಿದೆವು. ಒಂದೊಂದು ಜಾತಿಯ ಪೆಲೆಟ್ಟನ್ನೂ ಐದೈದು ಹಾರಿಸಿ ಹಾಳೆ ನೋಡುವುದು. ಸುಬೇದಾರರು ಹಿಂದೊಮ್ಮೆ ಕೊಟ್ಟಿದ್ದ ವಿದೇಶಿ ಪೆಲೆಟ್ಟು ಜಗಳವಾಡಿದ ದಾಯಾದಿಗಳಂತೆ ಒಂದೊಂದು ಮೂಲೆಗೆ ಬಿದ್ದವು. ಬೆಂಗಳೂರಿನದು ಪರವಾಗಿಲ್ಲ. ಮಂಡಿಪೇಟೆಯ ಅಂಗಡಿಯಿಂದ ತಂದ ಅಗ್ಗದ ಪೆಲೆಟ್ಟು ಮಾತ್ರ ಒಂದರ ಮೇಲೊಂದು ಕೂತು ಒಂದೇ ತೂತು ಮಾಡಿದವು.

ಮಹೇಶ ಹೊಟ್ಟೆ ಹಿಡಿದುಕೊಂಡು ನಕ್ಕ. "ಅತ್ಗೆ, ಇದು ಪಿಸ್ತೂಲಲ್ರೀ, ಮನೆ ಅಳಿಯ! ಹೋಳಿಗೆ ಬಡಿಸಿದ್ರೆ ಮುಖ ತಿರುಗಿಸ್ತೈತೆ, ತಂಗಳ ರೊಟ್ಟಿ ಕೊಟ್ರೆ ಬಾಯಿ ಚಪ್ಪರಿಸ್ತೈತೆ!"

ನಿಜವೇ. ಸವೆದ ನಳಿಕೆಗೆ ಆ ನಯವಾದ ವಿದೇಶಿ ಗುಂಡು ಸಡಿಲವಾಗಿತ್ತೋ ಏನೋ. ಅಗ್ಗದ ಡಬ್ಬಿಯಲ್ಲಿ ಅಂಚು ನಗ್ಗಿದವೂ ಇರುತ್ತಿದ್ದವು. ಅವನ್ನು ಗಾಜಿನ ಮೇಲೆ ಉರುಳಿಸಿ, ಓಲಾಡಿದವನ್ನು ತೆಗೆದು, ಉಳಿದವನ್ನು ನನ್ನ ಕುಂಕುಮದ ಭರಣಿಯಲ್ಲಿ ಅರಳೆಯ ಮೇಲೆ ಇಡುತ್ತಿದ್ದೆ. ಭರಣಿ ಎರಡು ವರ್ಷದಿಂದ ಖಾಲಿಯೇ ಇತ್ತು.

ಹರಿಹರದ ಫಲಿತಾಂಶವನ್ನು ಸುಬೇದಾರರಿಗೆ ಹೇಳಲಿಲ್ಲ. ನೀವು ಕೊಟ್ಟದ್ದು ಚೆನ್ನಾಗಿಲ್ಲ ಎಂದು ಗುರುವಿಗೆ ಹೇಳುವುದು ಹೇಗೆ?

ಅದರ ಫಲ ಪಂದ್ಯದ ದಿನ ಎದುರು ಬಂತು. ಎಸ್.ಎಸ್. ಬಡಾವಣೆಯ ಕಲ್ಯಾಣಮಂಟಪವೊಂದರ ಊಟದ ಹಾಲ್‌ನಲ್ಲಿ ಜಿಲ್ಲೆಯ ಪಂದ್ಯ. ಶೈಲಜಾಳ ಜೊತೆ ನಾನೂ ಹೆಸರು ಕೊಟ್ಟಿದ್ದೆ. ಎಲೆ ಹಾಕುವ ಮೇಜುಗಳ ಮೇಲೆ ಪಿಸ್ತೂಲುಗಳು, ಬಡಿಸುವವರು ಓಡಾಡುವ ಕಡೆ ಗುರಿಯ ಹಾಳೆಗಳು. ನಲವತ್ತು ಗುಂಡಿನಲ್ಲಿ ಗೊತ್ತುಪಡಿಸಿದ ಅಂಕ ಮುಟ್ಟಿದವರು ರಾಜ್ಯದ ಪಂದ್ಯಕ್ಕೆ. ಅಲ್ಲಿಗೆ ಹೋಗಬೇಕೆಂಬ ಆಸೆಯನ್ನು ನಾನು ಶೈಲಜಾಳ ಎದುರು ಕೂಡ ಆಡಿರಲಿಲ್ಲ. ಅಷ್ಟು ದೊಡ್ಡ ಆಸೆ ಅದು. ಇನ್ನೇನು ಮೇಜಿನ ಮುಂದೆ ನಿಲ್ಲಬೇಕು, ಸುಬೇದಾರರು ಬಂದು ಮಿರಮಿರ ಮಿಂಚುವ ವಿದೇಶಿ ಡಬ್ಬಿಯೊಂದನ್ನು ಕೈಗಿಟ್ಟರು. "ನಮ್ ರೆಜಿಮೆಂಟಿನ ಗೆಳೆಯನ ಕೈಲಿ ತರಿಸೀನಿ. ನಿಮಗೇ ಅಂತ. ಇವತ್ತು ಇವೇ ಹೊಡೀರಿ."

ತೆಗೆದುಕೊಂಡೆ. ಹೊಡೆದೆ ಕೂಡ. ಮೊದಲ ಹತ್ತು ಗುಂಡು ಮದುವೆಮನೆಯ ಮಕ್ಕಳ ಹಾಗೆ ಎಲ್ಲೆಂದರಲ್ಲಿ ಓಡಿದವು. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಸುಬೇದಾರರು ಕೆಮ್ಮುವುದು ಕೇಳಿಸಿತು. ಇದೇ ಗುಂಡು ಮುಂದುವರಿಸಿದರೆ ಅವರ ಮನಸ್ಸು ಉಳಿಯುತ್ತದೆ, ನನ್ನ ಆಸೆ ಹೋಗುತ್ತದೆ. ನನ್ನ ಚೀಲದಲ್ಲಿ ಭರಣಿ ಇತ್ತು. ಅವರಿಗೆ ಕಾಣದಂತೆ ತೆಗೆದು ಬದಲಿಸಬಹುದಿತ್ತು. ಆದರೆ ಕದ್ದು ಬದಲಿಸಿದರೆ ನನ್ನ ಕಣ್ಣು ನಿಶಾನಿಯ ಮೇಲೆ ನಿಲ್ಲುತ್ತಿರಲಿಲ್ಲ.

ಪಿಸ್ತೂಲನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟೆ. ಪಂದ್ಯದ ಅಧಿಕಾರಿಯ ಅಪ್ಪಣೆ ಕೇಳಿ ಹಿಂದಕ್ಕೆ ನಡೆದೆ. ಸಭೆಯಲ್ಲಿದ್ದವರೆಲ್ಲ ನೋಡುತ್ತಿದ್ದರು. ನನ್ನ ದನಿ ನನಗೇ ದೂರದಿಂದ ಕೇಳಿತು:

"ಸರ್, ಈ ಪೆಲೆಟ್ ನನಗೆ ಬ್ಯಾಡ್ರಿ. ನನ್ ಪಿಸ್ತೂಲಿಗೆ ಒಗ್ಗಂಗಿಲ್ಲ. ಹರಿಹರದಾಗ ಹೊಡೆದು ನೋಡೀನ್ರಿ."

ಅವರು ಡಬ್ಬಿಯನ್ನೂ ನನ್ನನ್ನೂ ನೋಡಿದರು. ಮೀಸೆ ಅಲುಗಿತು. "ಅಲ್ಲ ತಾಯಿ, ಗೊತ್ತಿದ್ದೂ ಹತ್ತು ಗುಂಡು ಯಾಕ ಹಾಳ್ ಮಾಡಿದ್ರಿ?"

"ನೀವು ಪ್ರೀತಿಲೆ ಕೊಟ್ಟಿದ್ರಿ, ಸರ್."

"ಪ್ರೀತಿಗೆ ಅಂಕ ಕೊಡ್ತಾರೇನ್ರೀ ಇಲ್ಲಿ? ಇತ್ಲಾಗ್ ಕೊಡ್ರಿ ಡಬ್ಬಿ, ನಾ ಹೊಡ್ಕಂತೀನಿ. ಹೋಗ್ರಿ, ಹೋಗ್ರಿ, ಟೈಮ್ ಆಗಾಕತ್ತೈತೆ!"

ಉಳಿದ ಮೂವತ್ತನ್ನು ಭರಣಿಯಿಂದ ಒಂದೊಂದಾಗಿ ತೆಗೆದು ಹೊಡೆದೆ. ನಿಶಾನಿಯ ಹೊರತು ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಅಂಕ ಮುಟ್ಟಿತು, ಮುಟ್ಟಿ ಸ್ವಲ್ಪ ಮಿಕ್ಕಿತು ಕೂಡ. ಹೆಸರು ಕೂಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಸುಬೇದಾರರು. ಶೈಲಜಾಳಿಗೆ ಅವತ್ತು ಅಂಕ ಕಡಿಮೆ ಬಿತ್ತು. ಜ್ವರ ಇತ್ತು ಎಂದು ಈಗಲೂ ಹೇಳುತ್ತಾಳೆ. ಇದ್ದಿರಬಹುದು.

ರಾಜ್ಯದ ಪಂದ್ಯದಲ್ಲಿ ನಾನು ಯಾವ ಪದಕವನ್ನೂ ತರಲಿಲ್ಲ. ನನ್ನ ಹೆಮ್ಮೆಗೆ ಅದರಿಂದ ಕೊರತೆಯೇನೂ ಆಗಿಲ್ಲ. ಗುರಿಯಿಟ್ಟು ಹೊಡೆದವರು ಬಹಳ ಮಂದಿ. ಪ್ರೀತಿಸುವವರ ಮುಖ ನೋಡಿಕೊಂಡು, ದನಿ ಏರಿಸದೆ, ಒಲ್ಲೆ ಎನ್ನುವ ಗುರಿ ಅದಕ್ಕಿಂತ ದೂರದ್ದು. ಅದನ್ನು ಮುಟ್ಟಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ನಿಮಗೆ ಅಷ್ಟು ಹಿಡಿಯದಿರಲಿ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಓದಿ ಕೊಡುತ್ತೇವೆ ಎಂದು ಯಾರಾದರೂ ಒಯ್ಯಲು ಬರುತ್ತಾರೆ. ನಯವಾಗಿ ನಕ್ಕು, ಕೊಡುವುದಿಲ್ಲ ಎನ್ನಿ. ಹಾಳೆಗಳೂ ಉಳಿಯುತ್ತವೆ, ನಿಮಗೂ ಅಭ್ಯಾಸವಾಗುತ್ತದೆ.