ಹುಣಸೆಮರದಲ್ಲಿ ತೂಗಿದ ಮೇಷ್ಟ್ರು

ಕಾನಹೊಸಹಳ್ಳಿಯ ಡ್ರಾಯಿಂಗ್ ಮೇಷ್ಟ್ರು ಗುರುಸಂಗಪ್ಪನವರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಮರ ಹತ್ತುವ ಹುಚ್ಚು ಹಿಡಿಯಿತು. ವಿಡಿಯೊ ನೋಡಿ ಹೆಲ್ಮೆಟ್ಟು, ಹಗ್ಗ, ಸೊಂಟಕ್ಕೂ ತೊಡೆಗೂ ಬಿಗಿಯುವ ಬೆಲ್ಟು ತರಿಸಿದರು. ಸೊಂಟದ ಅಳತೆಯನ್ನು ಮದುವೆಯ ಕಾಲದ ನೆನಪಿನಿಂದ ಬರೆದಿದ್ದರಿಂದ ಮೊದಲು ಬಂದ ಬೆಲ್ಟನ್ನು ವಾಪಸು ಕಳಿಸಬೇಕಾಯಿತು.

ಭಾನುವಾರ ಹೊಲದ ಹುಣಸೆಮರಕ್ಕೆ ಹಗ್ಗ ಹಾಕಿ ಎರಡು ಮೊಳ ಏರಿದರು. ಬೆಲ್ಟನ್ನು ಹಗ್ಗಕ್ಕೆ ಸೇರಿಸುವ, ಏರಿದಂತೆ ಮೇಲೆ ಸರಿಸಿಕೊಳ್ಳುವ ಗಂಟಿಗೆ ಭಯದಿಂದ ನಾಲ್ಕು ಸುತ್ತು ಹೆಚ್ಚಿಗೆ ಸುತ್ತಿದ್ದರು. ಅವರ ಭಾರಕ್ಕೆ ಅದು ಹಗ್ಗವನ್ನು ಕಚ್ಚಿಕೊಂಡು ಮೇಲಕ್ಕೂ ಕೆಳಕ್ಕೂ ಸರಿಯದಾಯಿತು. ತೂಕಕ್ಕಿಟ್ಟ ಮೂಟೆಯಂತೆ ತೂಗಾಡುತ್ತಿದ್ದ ಅವರಿಗೇ ನಗು ಬಂತು.

ವರ್ಷವೂ ಅದೇ ಮರ ಹತ್ತಿ ಹುಣಸೆ ಬಡಿಯುವ ಎರ್ರಮ್ಮ ಬಂದಳು. “ಹತ್ತಾಕ ಇಷ್ಟೆಲ್ಲಾ ತಂದೀರಿ, ಇಳಿಯಾಕ ಏನು ತಂದೀರಿ ಮೇಷ್ಟ್ರ?”

“ನಿನ್ನ ಕೂಗಾಕ ಬಾಯಿ ಒಂದ ಐತಿ ನೋಡವ್ವ.”

ಅವಳು ನೀರಿನ ಡ್ರಮ್ಮು ಉರುಳಿಸಿ ತಂದು ಕಾಲಡಿ ನಿಲ್ಲಿಸಿದಳು. ಭಾರ ಇಳಿದೊಡನೆ ಗಂಟು ಸಡಿಲಾಯಿತು. ಮೇಷ್ಟ್ರು ಕೆಳಗಿಳಿದ ಮೇಲೆ ಎರ್ರಮ್ಮ “ಕೊಡ್ರಿ, ನೋಡೂಣು” ಎಂದು ಕಚ್ಚೆ ಹಾಕಿ ಬೆಲ್ಟು ಬಿಗಿದುಕೊಂಡು, ಹೆಚ್ಚಿನ ಸುತ್ತು ತೆಗೆಸಿ, ಸರಸರ ಕೊಂಬೆಗೇರಿದಳು. ಅಲ್ಲಿ ಎರಡೂ ಕೈ ಬಿಟ್ಟು ಕುಳಿತಳು.

“ಮೂವತ್ತು ವರ್ಷದಾಗ ಮ್ಯಾಲೆ ಕೈ ಬಿಟ್ಟು ಕುಂತಿದ್ದು ಇವತ್ತ ಮೊದ್ಲು, ಮೇಷ್ಟ್ರ!”

ಬೆಲ್ಟು ಅವಳದಾಯಿತು. ಸಾಮಾನೆಲ್ಲ ಸರಿಯಾಗಿಯೇ ಆರಿಸಿದ್ದೆ, ಹತ್ತುವವನನ್ನು ಆರಿಸುವುದರಲ್ಲಷ್ಟೇ ಎಡವಿದೆ ಎಂದು ಮೇಷ್ಟ್ರು ಶಾಲೆಯಲ್ಲಿ ತಾವೇ ಹೇಳಿಕೊಂಡು ನಗುತ್ತಾರೆ.